ಹೊಲ, ಎತ್ತು, ಮದುವೆ



ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಔತಣದ ಸಾಮತಿ ನಿಮಗೆಲ್ಲ ಗೊತ್ತು. ಯಜಮಾನನೊಬ್ಬ ದೊಡ್ಡ ಔತಣ ಮಾಡಿಸಿದ. ಹೊತ್ತಾದಾಗ ಆಳನ್ನು ಕಳಿಸಿದರೆ ಕರೆಸಿಕೊಂಡವರು ಒಬ್ಬೊಬ್ಬರಾಗಿ ನೆಪ ಹೇಳಿದರು. ಒಬ್ಬ ಹೊಲ ಕೊಂಡಿದ್ದ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದ. ಮತ್ತೊಬ್ಬನಿಗೆ ಆಗಷ್ಟೇ ಮದುವೆಯಾಗಿತ್ತು.

ಈ ಮೂರು ನೆಪಗಳನ್ನು ನಮ್ಮ ಹಳ್ಳಿಗಳ ಜಗುಲಿಗಳ ಮೇಲೆ ಕುಳಿತು ಪ್ರತಿವರ್ಷ ಕೇಳುತ್ತೇನೆ. ಪ್ಲಸ್ ಟೂ ಮುಗಿಸಿದ ಮಗುವಿಗೆ, ಯಾರೂ ನೆನೆಸದ ಕಾಲೇಜಿನಲ್ಲಿ ಸೀಟು ಬಂದಾಗ ಕೇಳುತ್ತೇನೆ. "ರಾಗಿ ಬಿತ್ತೋ ಹೊತ್ತು ಸ್ವಾಮಿ, ಕೈಯಲ್ಲಿ ಕಾಸಿಲ್ಲ." "ಮನೇಲಿ ಮೂರು ಹಸು ಇವೆ, ಇವಳು ಹೋದರೆ ಹಾಲು ಕರೆಯೋರು ಯಾರು?" "ಐದು ವರ್ಷ ಓದಿಸ್ತಾ ಕೂತರೆ ಮದುವೆ ಯಾವಾಗ?"

ಆದರೆ ಸಾಮತಿಯಲ್ಲಿ ನೆಪ ಹೇಳಿದವರು ಉಳ್ಳವರು. ಐದು ಜೋಡಿ ಎತ್ತು ಬಡವನ ಕೊಟ್ಟಿಗೆಯಲ್ಲಿ ಇರುವುದಿಲ್ಲ. ನಮ್ಮ ಜನ ಇರುವುದು ಸಾಮತಿಯ ಎರಡನೇ ಭಾಗದಲ್ಲಿ: ಮೊದಲು ಬೀದಿ ಗಲ್ಲಿಗಳಿಂದ, ಆಮೇಲೆ ಊರಾಚೆಯ ಬೇಲಿ ಬದಿಯಿಂದ ಕರೆಸಿಕೊಂಡವರಲ್ಲಿ. ಬೇಲಿ ಬದಿಯವರ ವಿಷಯದಲ್ಲಿ ಮಾತ್ರ ಯಜಮಾನ ಆಳಿಗೆ ಬೇರೆಯೇ ಒಂದು ಮಾತು ಹೇಳುತ್ತಾನೆ. ಬರೀ ಕರೆದರೆ ಸಾಲದು, ಒತ್ತಾಯ ಮಾಡಿ ಕರೆತರಬೇಕು ಎನ್ನುತ್ತಾನೆ. ಹಿಂದಿನ ಕಾಲದಲ್ಲಿ ಇದೇ ಮಾತನ್ನು ಹಿಡಿದು ಜನರನ್ನು ಬಲವಂತದಿಂದ ಧರ್ಮಸಭೆಗೆ ಎಳೆದವರಿದ್ದಾರೆ. ಅದು ಸಾಮತಿಗೆ ಮಾಡಿದ ಅನ್ಯಾಯ. ಹಸಿದವನಿಗೆ ಊಟಕ್ಕೆ ಒತ್ತಾಯ ಏಕೆ ಬೇಕು? ಆ ಕರೆ ತನಗೇ ಬಂದದ್ದೆಂದು ಅವನು ನಂಬುವುದಿಲ್ಲ. ಬೇಲಿ ಬದಿಯವನನ್ನು ದೊಡ್ಡ ಮನೆಗೆ ಕರೆದರೆ ಅವನು ಮೊದಲು ತನ್ನ ಕಾಲಿನ ಧೂಳು ನೋಡಿಕೊಳ್ಳುತ್ತಾನೆ, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದಕ್ಕೇ ಆಳು ಅವನ ಕೈ ಹಿಡಿಯಬೇಕು.

ನಮ್ಮ ಉಪಕೇಂದ್ರವೊಂದರ ಹುಡುಗಿಗೆ ಈ ವರ್ಷ ನಾಮಕ್ಕಲ್‌ನಲ್ಲಿ ಪಶುವೈದ್ಯಕೀಯ ಪದವಿಗೆ ಸೀಟು ಬಂದಿದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆರನೇ ತರಗತಿಯಿಂದ ಪ್ಲಸ್ ಟೂವರೆಗೆ ಸರ್ಕಾರಿ ಶಾಲೆಯಲ್ಲೇ ಓದಿದ ಮಗು. ಅರ್ಜಿ ಹಾಕಿಸಿದ್ದು ಶಾಲೆಯ ಟೀಚರಮ್ಮ. ಮನೆಯಲ್ಲಿ ಅದನ್ನು ಎಲ್ಲರೂ ಮರೆತಿದ್ದರು. ಮೆಸೇಜ್ ಬಂದ ಸಂಜೆ ತಂದೆ ಫೋನ್ ಹಿಡಿದು ನನ್ನ ಹತ್ತಿರ ಬಂದರು. ಸಂತೋಷ ಹೇಳಲು ಬಂದಿರಬೇಕೆಂದುಕೊಂಡೆ. ಅವರು ಹೇಳಿದ್ದು ಇದು: "ಇದು ನಮಗೆ ಬಂದಿದ್ದಲ್ಲ ಅನ್ಸುತ್ತೆ ಸ್ವಾಮಿ. ಯಾರದೋ ತಪ್ಪಿ ಬಂದಿರಬೇಕು. ಸೇರಿಸಿದ ಮೇಲೆ ಆಚೆ ಕಳಿಸಿದರೆ ಮಗೂಗೆ ಅವಮಾನ." ಹಣದ ಮಾತು, ಹಸುವಿನ ಮಾತು ಬಂದದ್ದು ಆಮೇಲೆ.

ಹೊಲ, ಎತ್ತು, ಮದುವೆಗಳ ಕೆಳಗೆ ನಮ್ಮ ಮನೆಗಳಲ್ಲಿ ಅಡಗಿ ಕುಳಿತಿರುವುದು ಈ ಭಯವೇ.

ತಪ್ಪಿ ಬಂದದ್ದಲ್ಲ. ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ತಮಿಳುನಾಡು ಸರ್ಕಾರ 2020ರಲ್ಲಿ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಮೀಸಲಿಟ್ಟಿತು. 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಮೀನುಗಾರಿಕೆ, ಕಾನೂನು ಪದವಿಗಳಿಗೂ ಅದನ್ನು ವಿಸ್ತರಿಸಿತು. ಹೀಗೆ ಸೇರಿದವರ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಸರ್ಕಾರದ್ದೇ. ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ 'ಪುದುಮೈ ಪೆಣ್' ಯೋಜನೆ 2022ರಲ್ಲಿ ಶುರುವಾಯಿತು. ಪೂಜೆ ಮುಗಿದ ಮೇಲೆ ಗೇಟಿನ ಬಳಿ "ಕೋಟಾದಲ್ಲಿ ಸಿಕ್ಕಿದ್ದು ತಾನೇ" ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಬೇಲಿ ಬದಿಯಿಂದ ಬಂದವರಿಗೆ ಆ ಯಜಮಾನ ಬೇರೆ ಪಂಕ್ತಿ ಹಾಕಿಸಿದನೇ? ಅದೇ ಮನೆ, ಅದೇ ಊಟ.

ಹುಡುಗಿಯ ಚಿಂತೆ ಬೇರೆ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಓದುವವರು, ನಾನು ಹಿಂದೆ ಬೀಳುತ್ತೇನೆ ಎನ್ನುತ್ತಾಳೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಅಷ್ಟು ದೊಡ್ಡ ಗುಡ್ಡವಲ್ಲ ಎಂದೆ, ನಗಲಿಲ್ಲ. ಆಗ ಅವಳಿಗೆ ಒಬ್ಬ ಕುರಿಗಾಹಿ ಹುಡುಗನ ಕಥೆ ಹೇಳಿದೆ.

ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ 1506ರಲ್ಲಿ ಹುಟ್ಟಿದ ಪೀಟರ್ ಫೇಬರ್‌ಗೆ ಮನೆಯವರು ಕೊಟ್ಟಿದ್ದ ಕೆಲಸ ಕುರಿ ಕಾಯುವುದು. ಹತ್ತು ವರ್ಷದ ಹುಡುಗ ಓದಬೇಕೆಂದು ಅತ್ತ. ಆ ಅಳುವಿಗೆ ಸೋತು ತಂದೆತಾಯಿ ಶಾಲೆಗೆ ಕಳಿಸಿದರು. 1525ರಲ್ಲಿ ಅವನು ಪ್ಯಾರಿಸ್ ವಿಶ್ವವಿದ್ಯಾಲಯದ ಸಂತ ಬಾರ್ಬರಾ ಕಾಲೇಜು ಸೇರಿದ. ಅಲ್ಲಿ ಅವನ ಕೋಣೆಯಲ್ಲಿದ್ದವನು ನವಾರ್ ಸೀಮೆಯ ಸಿರಿವಂತ ಮನೆತನದ ಹುಡುಗ. 1529ರಲ್ಲಿ ಅದೇ ಕೋಣೆಗೆ ಮೂರನೆಯವನೊಬ್ಬ ಬಂದ: ಕುಂಟುತ್ತಾ ನಡೆಯುವ ಮಾಜಿ ಸೈನಿಕ, ವಯಸ್ಸು ನಲವತ್ತರ ಹತ್ತಿರ. ಲ್ಯಾಟಿನ್ ಕಲಿಯಲು ಮೂವತ್ತು ದಾಟಿದ ಮೇಲೆ ಚಿಕ್ಕ ಮಕ್ಕಳ ಜೊತೆ ಬೆಂಚಿನ ಮೇಲೆ ಕುಳಿತಿದ್ದವನು. ಅವನಿಗೆ ಪಾಠ ಹೇಳಿಕೊಡುವ ಕೆಲಸ ಬಿದ್ದದ್ದು ಕುರಿಗಾಹಿಯ ಮೇಲೆ. ಆ ಮೂರನೆಯವರು ಸಂತ ಇಗ್ನಾಸಿಯವರು. ಸಿರಿವಂತ ಮನೆತನದವರು ಸಂತ ಫ್ರಾನ್ಸಿಸ್ ಝೇವಿಯರ್. ನಿಮ್ಮಲ್ಲಿ ಎಷ್ಟೋ ಮಂದಿ ಹಳೇ ಗೋವಾಕ್ಕೆ ಹೋಗಿ ಅವರ ಸಮಾಧಿಯ ಮುಂದೆ ಮೊಣಕಾಲೂರಿ ಬಂದಿದ್ದೀರಿ. ಯೇಸುಸಭೆಯ ಬೇರು ಬಿಟ್ಟದ್ದು ಆ ಹಾಸ್ಟೆಲ್ ಕೋಣೆಯಲ್ಲಿ. ಮೂವರಲ್ಲಿ ಮೊದಲು ಯಾಜಕನಾದವನು ಫೇಬರ್. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಅಂದು ಆ ತಂದೆತಾಯಿ ಕುರಿ ಕಾಯುವವರು ಯಾರು ಎಂದು ಕೇಳಿದ್ದರೆ ತಪ್ಪೇನೂ ಇರಲಿಲ್ಲ. ಕುರಿಗಳಿದ್ದದ್ದು ನಿಜ. ಇಲ್ಲಿ ಹಸುಗಳಿರುವುದೂ ನಿಜ. ಬಡವರ ಮನೆಯ ಅಡಚಣೆಗಳನ್ನು ನೆಪವೆಂದು ತಳ್ಳಿಬಿಡುವುದು ಸುಲಭ, ಅದರಲ್ಲೂ ನನ್ನಂತೆ ಹಸು ಸಾಕದವನಿಗೆ. ಆದ್ದರಿಂದ ಒತ್ತಾಯ ಮಾಡುವ ಆಳು ಬರೀ ಬಾಯಿಮಾತಿನಲ್ಲಿ ಕರೆದರೆ ಆಗುವುದಿಲ್ಲ. ಹೊಲ, ಎತ್ತು ನೋಡಿಕೊಳ್ಳಲೂ ಅವನು ಸಿದ್ಧನಿರಬೇಕು.

ಸೇರಲು ಗಡುವು ಬರುವ ಶುಕ್ರವಾರ. ತಂದೆ ಇನ್ನೂ ಹೂಂ ಎಂದಿಲ್ಲ. ಬುಧವಾರ ಬೆಳಗಿನ ಬಸ್ಸಿಗೆ ಅವರ ಜೊತೆ ನಾಮಕ್ಕಲ್‌ಗೆ ಹೋಗಲು, ತಮಿಳಿನಲ್ಲಿ ಚೆನ್ನಾಗಿ ಮಾತಾಡಬಲ್ಲ ಒಬ್ಬರು ಬೇಕು. ಪುಸ್ತಕ, ಬಟ್ಟೆಗೆ ಬೇಕಾದ ಹಣವನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಕೊಡಲು ಒಪ್ಪಿದ್ದಾರೆ. ಇನ್ನು ಉಳಿದದ್ದು ಹಸುಗಳ ವಿಷಯ. ದಿನವೂ ಮುಂಜಾನೆ ಐದಕ್ಕೆ ಹೋಗಿ ಹಾಲು ಕರೆದು ಡೈರಿಗೆ ಹಾಕಿ ಬರಬೇಕು. ಸದ್ಯಕ್ಕೆ ರಾಗಿ ಬಿತ್ತನೆ ಮುಗಿಯುವ ತನಕ. ಅಕ್ಕಪಕ್ಕದ ಮನೆಯವರು ಸರದಿ ಹಾಕಿಕೊಂಡರೆ ಯಾರಿಗೂ ಭಾರವಾಗದು. ಇವತ್ತಿನ ಪೂಜೆ ಮುಗಿದ ಮೇಲೆ ಉಪದೇಶಿಯವರು ಬಾಗಿಲ ಬಳಿ ನೋಟ್‌ಬುಕ್ ಹಿಡಿದು ನಿಂತಿರುತ್ತಾರೆ. ಹೆಸರು ಕೊಡುವವರು ಕೊಡಿ.