ಪಿಸ್ತೂಲಿನ ಒರೆಯೂ ಹಿಂಸಾದಾನವೂ

ಅನರ್ಥದಂಡವಿರತಿಯನ್ನು ವಿವರಿಸುವಲ್ಲಿ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನು ಹೇಳಿ, ಕೊಡಲಿ, ಖಡ್ಗ, ಗುದ್ದಲಿ, ಬೆಂಕಿಗಳ ಜೊತೆಗೆ ಸರಪಳಿಯನ್ನೂ ಎಣಿಸಿದ್ದಾರೆ. ಸರಪಳಿಯು ತಾನಾಗಿ ಯಾರನ್ನೂ ಕೊಲ್ಲದು. ಆದರೂ ಅದು ಆ ಸಾಲಿನಲ್ಲಿದೆ. ಹೀಗಿರುವಾಗ ಪಿಸ್ತೂಲನ್ನಲ್ಲ, ಅದರ ಬರಿಯ ಒರೆಯನ್ನು ಮಾರುವವನಿಗೆ ದೋಷವುಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಮೆರಿಕ, ಯುರೋಪುಗಳಲ್ಲಿ ಇಂಥ ಒರೆಗಳ ಸಂಗ್ರಹವೂ ಮಾರಾಟವೂ ನೆಲೆಗೊಂಡ ವ್ಯಾಪಾರವಾಗಿದೆ. ಅಲ್ಲಿ ಹಳೆಯ ವಸ್ತುಗಳ ಅಂಗಡಿಯಿಟ್ಟ ಶ್ರಾವಕನಿಗೆ ಈ ಪ್ರಶ್ನೆ ಯಾವ ದಿನವಾದರೂ ಎದುರಾಗಬಹುದು.

ಆ ವ್ಯಾಪಾರದ ಸರಕು ಬಹುಮಟ್ಟಿಗೆ ಎರಡು ಮಹಾಯುದ್ಧಗಳ ಉಳಿಕೆ. 1911ರ ಕೋಲ್ಟ್ ಪಿಸ್ತೂಲಿಗಾಗಿ ಅಮೆರಿಕದ ಸೈನ್ಯವು 1916ರಲ್ಲಿ ಗೊತ್ತುಮಾಡಿದ ಚರ್ಮದ ಒರೆಗೆ ಅಗಲವಾದ ಮುಚ್ಚಳ. ಅದರ ಮೇಲೆ ಅಂಡಾಕೃತಿಯೊಳಗೆ ‘ಯು.ಎಸ್.’ ಎಂಬ ಅಚ್ಚು. ಜರ್ಮನ್ ಸೈನ್ಯದ 1908ರ ಲ್ಯೂಗರ್ ಪಿಸ್ತೂಲಿನ ಒರೆಯ ಅಂಚಿನಲ್ಲಿ ಹೆಚ್ಚುವರಿ ಮ್ಯಾಗಜೀನಿಗೆ ಒಂದು ಜೇಬು, ಮುಚ್ಚಳದೊಳಗೆ ಸಣ್ಣ ಸಲಕರಣೆಗೆ ಇನ್ನೊಂದು. ಕೊಳ್ಳುವವರು ಹೊಲಿಗೆ, ಗುಂಡಿ, ತಯಾರಕರ ಮುದ್ರೆ, ಇಸವಿಗಳನ್ನು ಪರೀಕ್ಷಿಸುವ ಶ್ರದ್ಧೆಯಲ್ಲಿ ಅರ್ಧವಾದರೂ ನಮ್ಮ ಸ್ವಾಧ್ಯಾಯಕ್ಕೆ ಸಂದರೆ ಸಾಕು!

ಚರ್ಮದ ದೋಷವು ಸ್ಪಷ್ಟವೇ ಇದೆ. ಒಣಗಿದ ಚರ್ಮಕ್ಕೆ ದನದ ಕಾಲೆಲುಬುಗಳಿಂದ ತೆಗೆದ ಎಣ್ಣೆಯನ್ನು ಸವರುವ ಹಳೆಯ ರೂಢಿಯೂ ಅದಕ್ಕೆ ಸೇರುತ್ತದೆ. ಬ್ರಿಟಿಷ್ ಸೈನ್ಯದ 1937ರ ಮಾದರಿಯ ಒರೆಯಾದರೋ ಹತ್ತಿಯ ದಪ್ಪ ನೇಯ್ಗೆಯದು. ಅಲ್ಲಿ ಈ ದೋಷವಿಲ್ಲ. ಆದರೆ ಮೂಲಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಒರೆಯು ಆಯುಧವನ್ನು ಮುಚ್ಚಿಡುವುದೇ ಹೊರತು ಪ್ರಯೋಗಿಸುವುದಿಲ್ಲವೆಂದು ವ್ಯಾಪಾರಿಯು ವಾದಿಸಬಹುದು. ಈ ವಾದ ಕೇವಲ ನೆಪವಲ್ಲ. 80 ವರ್ಷ ಹಳೆಯದಾಗಿ ಬಿರುಕುಬಿಟ್ಟ ಒರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವವನಿಗೆ ಮಾರುವುದೂ, ಪಿಸ್ತೂಲು ತುಂಬಿ ಸೊಂಟಕ್ಕೆ ಕಟ್ಟುವವನಿಗೆ ಮಾರುವುದೂ ಒಂದೇ ಅಲ್ಲ. ಎರಡನೆಯದು ನಿಸ್ಸಂದೇಹವಾಗಿ ಹಿಂಸಾದಾನ. ಮೊದಲನೆಯದರಲ್ಲಿ ವಸ್ತುವಿಗಿಂತ ಭಾವವನ್ನೇ ನೋಡಬೇಕಾಗುತ್ತದೆ.

ಆ ಭಾವವು ಬೆಲೆಯಲ್ಲಿ ಬಯಲಾಗುತ್ತದೆ. ಒಬ್ಬನೇ ತಯಾರಕನ, ಒಂದೇ ಇಸವಿಯ, ಒಂದೇ ಸ್ಥಿತಿಯ ಎರಡು ಒರೆಗಳಿವೆಯೆನ್ನೋಣ. ಒಂದು ಉಗ್ರಾಣದಿಂದ ಹೊರಬಂದದ್ದು. ಇನ್ನೊಂದಕ್ಕೆ, ಇಂಥ ಕಾಳಗದಲ್ಲಿ ಶತ್ರುವಿನ ಸೊಂಟದಿಂದ ಕಳಚಿದ್ದೆಂದು ಹೇಳುವ ಪತ್ರವಿದೆ. ಎರಡನೆಯದಕ್ಕೆ ಸಂಗ್ರಾಹಕರು ಹೆಚ್ಚು ಹಣ ತೆರುತ್ತಾರೆ. ಚರ್ಮ ಅದೇ, ಹೊಲಿಗೆ ಅದೇ. ಹೆಚ್ಚಿನ ಹಣ ಸಂದದ್ದು ಆ ವಧೆಯ ನೆನಪಿಗೆ. ವ್ಯಾಪಾರಿಯು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಕೃತವೂ ಇಲ್ಲ, ಕಾರಿತವೂ ಇಲ್ಲ. ಆದರೆ ಆ ಕಥೆಯನ್ನು ಬಣ್ಣಿಸಿ, ಕೇಳುವವನ ಕಣ್ಣರಳಿಸಿ, ಅದರಿಂದ ಲಾಭ ಪಡೆಯುವಾಗ ಅನುಮೋದನೆಯಿಂದ ಅವನು ತಪ್ಪಿಸಿಕೊಳ್ಳಲಾರನು. ಅಂಥ ವಸ್ತುವು ಸತ್ತವನಿಂದಲೋ ಸೆರೆಸಿಕ್ಕವನಿಂದಲೋ ಕಿತ್ತುಕೊಂಡದ್ದಾದರೆ, ಅದು ಕದ್ದ ಮಾಲಿಗೆ ಎಷ್ಟು ದೂರವೆಂಬುದನ್ನೂ ಅಚೌರ್ಯಾಣುವ್ರತಿಯು ಕೇಳಿಕೊಳ್ಳಬೇಕು. ಇನ್ನು, ಹೊಸ ಚರ್ಮಕ್ಕೆ ಹಳೆಯ ಮುದ್ರೆಯೊತ್ತಿ, ಬಣ್ಣ ಕಂದಿಸಿ, ಯುದ್ಧಕಾಲದ್ದೆಂದು ಮಾರುವ ಮೋಸವೂ ಆ ಪೇಟೆಯಲ್ಲಿ ಚಿರಪರಿಚಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇದನ್ನೇ ಪ್ರತಿರೂಪಕ ವ್ಯವಹಾರವೆಂದು ಅತಿಚಾರಗಳಲ್ಲಿ ಸೇರಿಸಿದೆ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ವ್ರತ ಹಿಡಿಯುವ ಮೊದಲೇ ಕೊಂಡಿಟ್ಟ ಸರಕು ಅಂಗಡಿಯಲ್ಲಿ ಉಳಿದಿದ್ದರೆ ಏನು ಮಾಡಬೇಕು? ಸುಟ್ಟರೆ ಆರಂಭಹಿಂಸೆ. ಇನ್ನೊಬ್ಬ ವ್ಯಾಪಾರಿಗೆ ಸಾಗಿಸಿದರೆ ಅದೇ ಕಥೆ ಅವನ ಬಾಯಲ್ಲಿ ಮುಂದುವರಿಯುತ್ತದೆ. ಯುದ್ಧದ ಇತಿಹಾಸವನ್ನು ಕಾಯ್ದಿಡುವ ಸಂಗ್ರಹಾಲಯವು ಒಪ್ಪಿದರೆ ಅಲ್ಲಿಗೆ ಉಚಿತವಾಗಿ ಒಪ್ಪಿಸಬಹುದು. ಅಲ್ಲಿ ಅದಕ್ಕೆ ಬೆಲೆಯ ಚೀಟಿ ಇರುವುದಿಲ್ಲ.