ಮಹಡಿಯೋ, ಪ್ರಯಾಣವೋ?

ಗಲ್ಫ್‌ನಲ್ಲಿ ದುಡಿಯುವ ಗೆಳೆಯರೊಬ್ಬರು ರಜೆಯಲ್ಲಿ ಬಂದಾಗ ಕೇಳಿದರು: "ಉಸ್ತಾದ್, ಕೈಯಲ್ಲಿ ಒಂದಿಷ್ಟು ಹಣ ಉಳಿದಿದೆ. ಮನೆಗೆ ಮಹಡಿ ಕಟ್ಟಿಸಲೇ, ಉಮ್ಮನನ್ನು ಕರಕೊಂಡು ಹಜ್ಜ್‌ಗೆ ಹೋಗಲೇ?"

ದೊಡ್ಡ ಮನೆಯನ್ನು ಬಯಸುವುದು ತಪ್ಪಲ್ಲ. ಮನುಷ್ಯನ ಸೌಭಾಗ್ಯಗಳನ್ನು ಎಣಿಸುವಾಗ ಪ್ರವಾದಿವರ್ಯರು(ಸ) ವಿಶಾಲವಾದ ಮನೆಯನ್ನೂ ಒಳ್ಳೆಯ ವಾಹನವನ್ನೂ ಒಟ್ಟಿಗೇ ಹೇಳಿದ್ದಾರೆ. ತಕ್ಕಮಟ್ಟಿನ ವಾಸದ ಮನೆಯನ್ನು ಹಜ್ಜ್‌ಗಾಗಿ ಮಾರಬೇಕೆಂದು ಶರೀಅತ್ ಕೇಳುವುದಿಲ್ಲ. ಒಂದೇ ಸೂರಿನಡಿ ಮೂರು ಸಂಸಾರ ಒತ್ತಿಕೊಂಡಿದ್ದರೆ ಮಹಡಿಯೇ ಮೊದಲು ಎನ್ನುತ್ತಿದ್ದೆ.

ಆದರೆ ಇವರ ಮನೆಯಲ್ಲಿ ಈಗಲೇ ಎರಡು ಕೋಣೆಗಳಿಗೆ ಬೀಗ. ಇರುವವರು ಉಮ್ಮ ಮತ್ತು ತಂಗಿ. ಮಹಡಿ ಯಾರಿಗೆ? ನೆರೆಯವರ ಕಣ್ಣಿಗೆ ಎನ್ನಲು ಸಂಕೋಚವಾಯಿತು. ನಾನೂ ಆ ಆಸೆಯಿಂದ ಮುಕ್ತನಲ್ಲ.

ಸಾಮರ್ಥ್ಯವಿರುವವರಿಗೆ ಹಜ್ಜ್ ಕಡ್ಡಾಯವೆಂದು ಪವಿತ್ರ ಕುರ್‌ಆನ್ (3:97) ಹೇಳುತ್ತದೆ. ಶಾಫಿಈ ಮದ್‌ಹಬ್‌ನಂತೆ, ದೃಢ ಸಂಕಲ್ಪವಿದ್ದು ಅಶಕ್ತನಾಗುವ ಭಯವಿಲ್ಲದಿದ್ದರೆ ಅದನ್ನು ತಡಮಾಡಬಹುದು. ಆ ರಿಯಾಯಿತಿ ಗೆಳೆಯರಿಗೆ ಸಿಕ್ಕೀತು. ಉಮ್ಮನನ್ನು ಕರೆದೊಯ್ಯುವುದು ಅವರ ಮೇಲೆ ಕಡ್ಡಾಯವೂ ಅಲ್ಲ. ಆದರೆ ಉಮ್ಮನ ಮೊಣಕಾಲು ಕಾಯುವುದೇ?

"ಮಹಡಿಯ ಮೆಟ್ಟಿಲು ಉಮ್ಮನಿಗೆ ಹತ್ತಲಾಗುತ್ತದೆಯೇ?" ಎಂದು ಕೇಳಿದೆ.

"ಇಲ್ಲ ಉಸ್ತಾದ್."

"ತವಾಫ್‌ಗೂ ಕಾಲು ಬೇಕಲ್ಲ?"

ಮೇಸ್ತ್ರಿಗೆ ಮುಂಗಡ ಕೊಟ್ಟಾಗಿದೆ ಎಂದು ಹೇಳಿ ಅವರು ನೆಲ ನೋಡಿದರು.