ಜಾಗ ನೋಡಿದವರು ಯಾರು?



ಧಮ್ಮಬಂಧುಗಳೇ, ಕಳೆದ ರವಿವಾರದ ಅಧ್ಯಯನದಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ಮಾತು ಬಂತು. 20,000 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ಕಟ್ಟಡ ಕಟ್ಟುವ ಮೊದಲು ಪರಿಸರ ಅನುಮತಿ ಪಡೆಯಬೇಕೆಂದು 2006ರಿಂದ ನಿಯಮವಿದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಒಂದೂವರೆ ಲಕ್ಷ ಚದರ ಮೀಟರಿನೊಳಗಿನ ಕೈಗಾರಿಕಾ ಶೆಡ್ಡು, ಶಾಲೆ, ಕಾಲೇಜು, ಹಾಸ್ಟೆಲುಗಳಿಗೆ ಇದು ಬೇಡ ಎಂದಿತ್ತು. ಅದೇ ವರ್ಷ ಆಗಸ್ಟ್ 5ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಪೀಠ ಆ ವಿನಾಯಿತಿಯನ್ನು ರದ್ದು ಮಾಡಿತು.

ಗವಾಯಿಯವರು ಬೌದ್ಧ ಮನೆತನದವರೆಂದು ನಮ್ಮಲ್ಲಿ ಹಲವರಿಗೆ ಹೆಮ್ಮೆ. ಒಬ್ಬ ಅಣ್ಣನಿಗೆ ಮಾತ್ರ ಸಿಟ್ಟು. "ಅಕ್ಕೋರ, ನಮ್ಮ ಹುಡುಗರಿಗೆ ಸಾಲಿ ಬೇಕೋ, ಗಿಡಾ ಬೇಕೋ? ಕಲಿಯವ್ರೆಲ್ಲಾ ಕಲತು ಮುಗಿಸ್ಯಾರ. ನಮ್ಮ ಪಾಳಿ ಬಂದಾಗ ಪರಿಸರ ನೆನಪಾತೇನು?"

ಈ ಸಿಟ್ಟನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೋಸಂಬಿಯಲ್ಲಿ ಛನ್ನ ಎಂಬ ಭಿಕ್ಖುವಿಗೆ ಉಪಾಸಕನೊಬ್ಬ ವಿಹಾರ ಕಟ್ಟಿಸಿಕೊಡಲು ಮುಂದೆ ಬಂದ. ಜಾಗ ಹಸನು ಮಾಡುವಾಗ ಛನ್ನ, ಊರಿಗೆ ಊರೇ ಗೌರವಿಸುತ್ತಿದ್ದ ಮರವನ್ನು ಕಡಿಸಿಬಿಟ್ಟ. ಜನ ಆಡಿಕೊಂಡರು. ಆಗ ತಥಾಗತರು ನಿಯಮ ಮಾಡಿದರು: ವಿಹಾರ ಕಟ್ಟಿಸುವವನು ಮೊದಲು ಇತರ ಭಿಕ್ಖುಗಳನ್ನು ಕರೆತಂದು ಜಾಗ ತೋರಿಸಬೇಕು. ಅಲ್ಲಿ ಇರುವೆ, ಗೆದ್ದಲು, ಇಲಿ, ಹಾವು, ಚೇಳುಗಳ ನೆಲೆ ಇರಬಾರದು. ಕಾಳು ಬೆಳೆಯುವ ಹೊಲಕ್ಕೆ ತಾಗಿರಬಾರದು. ಸುತ್ತ ಎತ್ತಿನ ಗಾಡಿ ತಿರುಗುವಷ್ಟು ಬಯಲು ಬೇಕು. ತೋರಿಸದೆ ಕಟ್ಟಿಸಿದರೆ ಸಂಘಾದಿಸೇಸ, ಅಂದರೆ ಪಾರಾಜಿಕದ ನಂತರದ ಅತಿ ಗಂಭೀರ ಅಪರಾಧ. (ಗಿಡಪೂಜೆ ನಮ್ಮ ಹಾದಿಯಲ್ಲ, ನಿಜ. ಆ ಮರ ಛನ್ನನೊಬ್ಬನ ಆಸ್ತಿಯಾಗಿರಲಿಲ್ಲ ಎಂಬುದನ್ನಷ್ಟೇ ನಾನು ಹಿಡಿದುಕೊಂಡಿದ್ದೇನೆ.)

ಧಮ್ಮ ಕಲಿಯುವ ಮನೆಗೇ ವಿನಾಯಿತಿ ಇರಲಿಲ್ಲ. ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಟ್ಟಿದ ಮಿಲಿಂದ ಕಾಲೇಜಿನ ಆವರಣದ ಹೆಸರು ನಾಗಸೇನವನ. ವೇಳುವನ, ಜೇತವನಗಳಲ್ಲಿ ಕೂತು ಕಲಿತ ಪರಂಪರೆಗೆ 'ಸಾಲಿಯೋ ಗಿಡವೋ' ಎಂಬ ಪ್ರಶ್ನೆಯೇ ಹೊಸದು.

ನಮ್ಮ ಧಾರವಾಡದ ಐಐಟಿ 2016ರಲ್ಲಿ ವಾಲ್ಮಿ ಆವರಣದಲ್ಲಿ ಶುರುವಾಯಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅದರ ಸ್ವಂತ ಕ್ಯಾಂಪಸ್ 470 ಎಕರೆ. ಅಂಥದನ್ನು ಹತ್ತು ಜನ ನೋಡುತ್ತಾರೆ. ಊರ ಸರ್ಕಾರಿ ಸಾಲಿಯ ನಾಲ್ಕು ಕೋಣೆ 20,000 ಚದರ ಮೀಟರಿನ ಗೆರೆಯನ್ನು ಯಾವಾಗ ಮುಟ್ಟೀತು? ಅಲ್ಲಿ ಕೇಳಬೇಕಾದವರು ಎಸ್‌ಡಿಎಂಸಿಯಲ್ಲಿ ಕೂತ ನಾವೇ.

ನಾನಾದರೆ ಗಿಡಕ್ಕಿಂತ ಮೊದಲು ನೀರಿನ ಬಗ್ಗೆ ಕೇಳುತ್ತೇನೆ. ಹಗಲು ಶಾಲೆಯ ಒಂದು ಮಗುವಿಗೆ ದಿನಕ್ಕೆ 45 ಲೀಟರ್ ಎಂಬುದು ಭಾರತೀಯ ಮಾನಕದ ಲೆಕ್ಕ. 500 ಮಕ್ಕಳಿಗೆ 22,500 ಲೀಟರ್. ಬಹುಪಾಲು ಕೊಳೆನೀರಾಗಿ ಹೊರಗೆ ಬರುತ್ತದೆ. ಧಾರವಾಡದ ಪಡುವಲಿಗೆ ಮಸಾರಿ ನೆಲವಿದೆ, ಒಂದಿಷ್ಟು ಇಂಗೀತು. ಹುಬ್ಬಳ್ಳಿಯ ಮೂಡಲಿಗೆ ಎರಿ ಭೂಮಿ. ಒಮ್ಮೆ ತೊಯ್ದು ಉಬ್ಬಿತೆಂದರೆ ನೀರನ್ನು ಒಳಗೆ ಬಿಡದು. ಉಳಿದ ನೀರು ಇಳಿಜಾರಿನ ಕೊನೆಗೆ ಹೋಗಿ ನಿಲ್ಲುತ್ತದೆ. ನಮ್ಮ ಎಷ್ಟೋ ಊರುಗಳಲ್ಲಿ ಇಳಿಜಾರಿನ ಕೊನೆಗೆ ಯಾರ ಕೇರಿ ಇದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಅಣ್ಣನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ಮೊದಲ ಗಟಾರ ಎಲ್ಲಿ ಹೊಂಟೈತಿ ನೋಡಬೇಕು" ಎಂದರು. ಮತ್ತೆ ಅವರೇ ಕೇಳಿದರು: "ಮಾರ್ಚ್ ಮೂವತ್ತೊಂದಕ್ಕ ಅನುದಾನ ವಾಪಸ್ ಹೋದ್ರ?"

ಇದು ಸುಳ್ಳು ಭಯವಲ್ಲ. ಕೋಣೆ ಕೈತಪ್ಪಿದರೆ ಮಕ್ಕಳು ಇನ್ನೊಂದು ವರ್ಷ ವರಾಂಡದಲ್ಲಿ ಕೂರುತ್ತಾರೆ. ಆದರೆ ಜಾಗ ನೋಡಲು ಎರಡು ದಿನ ಸಾಕು: ಒಂದು ಬೇಸಿಗೆಯಲ್ಲಿ, ಇನ್ನೊಂದು ಜೋರು ಮಳೆ ಹೊಡೆದ ಮರುದಿನ. ಅರ್ಜಿ ಬರೆಯುವುದಕ್ಕೂ ಮೊದಲೇ ನೋಡಿಟ್ಟರೆ ಮಾರ್ಚಿನ ಅವಸರ ಇದಕ್ಕೆ ತಟ್ಟುವುದಿಲ್ಲ. ನಮ್ಮ ಗುಂಪಿನಲ್ಲಿ ಎಸ್‌ಡಿಎಂಸಿ ಸದಸ್ಯರು ಯಾರಿದ್ದೀರಿ, ಮುಂದಿನ ರವಿವಾರ ಬರುವಾಗ ನಿಮ್ಮ ಸಾಲಿಯ ನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ತನ್ನಿರಿ.